ಮಾಮನ ಡಬ್ಬಿಯ ತಗ್ಗು ತೆಗೆದದ್ದು

ಸ್ವಲ್ಪ ತಡೆಯಿರಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ, ನಾನು ಕಾಯುತ್ತೇನೆ. ಆದರೆ ಇದನ್ನು ಪೂರ್ತಿ ಕೇಳದೆ ಎದ್ದು ಹೋಗಬೇಡಿ. ರಟ್ಟಿನ ಡಬ್ಬಿಯ ವಿಷಯ ಎಂದ ಕೂಡಲೇ ಜನರ ಮುಖ ಹೇಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮೊದಲು ಕಣ್ಣು ಬಾಗಿಲ ಕಡೆ ಹೋಗುತ್ತದೆ, ಆಮೇಲೆ ಮೊಬೈಲು ಕೈಗೆ ಬರುತ್ತದೆ. ನೀವಾದರೂ ಹಾಗೆ ಮಾಡಬೇಡಿ. ಡಬ್ಬಿಯ ಹಣೆಬರಹವೇ ಅಂಥದ್ದು ನೋಡಿ. ಮನೆಗೆ ಆಟಿಕೆ ಬಂದರೆ ಮಗು ಮೊದಲು ಹರಿಯುವುದು ಡಬ್ಬಿಯನ್ನು. ಉಳಿದ ಚೂರನ್ನು ತಾಯಿ ಒಲೆ ಹೊತ್ತಿಸಲು ಇಟ್ಟುಕೊಳ್ಳುತ್ತಾಳೆ. ಇಷ್ಟೆಲ್ಲ ದಾಟಿಯೂ ಯಾವುದಾದರೊಂದು ಡಬ್ಬಿ ಅಟ್ಟದ ಮೇಲೆ ಐವತ್ತು ವರ್ಷ ಬದುಕಿ ಉಳಿದಿದೆ ಎಂದರೆ ಅದಕ್ಕೆ ಕೈ ಮುಗಿಯಬೇಕೋ ಬೇಡವೋ ನೀವೇ ಹೇಳಿ. ಹಳೆಯ ಆಟಿಕೆ ಕೂಡಿಡುವವರು ನಿಜವಾಗಿಯೂ ಕೈ ಮುಗಿಯುತ್ತಾರೆ. ಅವರ ಲೋಕದಲ್ಲಿ ಒಳಗಿನ ಕಾರಿಗಿಂತ ಹೊರಗಿನ ಡಬ್ಬಿಗೇ ಹೆಚ್ಚು ಮರ್ಯಾದೆ.

ಈ ಜ್ಞಾನ ನನಗೆ ಬಂದದ್ದು ಜಹೀರಾಬಾದಿನ ಒಂದು ಇಂಟರ್‌ನೆಟ್ ಸೆಂಟರಿನಲ್ಲಿ. ತೆಲಂಗಾಣ ಚಳವಳಿ ಜೋರಾಗಿದ್ದ ಕಾಲ ಅದು. ಬಸ್ಸುಗಳು ಡಿಪೋದಲ್ಲಿ ಮಲಗಿದ್ದವು, ನಾನು ಪಾಠ ಹೇಳುತ್ತಿದ್ದ ಶಾಲೆಗೆ ಬೀಗ ಬಿದ್ದಿತ್ತು, ಕರೆಂಟು ತನಗೆ ಮನಸ್ಸು ಬಂದಾಗ ಬಂದು ಹೋಗುತ್ತಿತ್ತು. ಓಣಿಯ ಜನರೆಲ್ಲ ಮೆರವಣಿಗೆ, ಧರಣಿ ಎಂದು ಓಡಾಡುತ್ತಿದ್ದಾಗ ನಾನು ಯಾವುದೋ ದೇಶದ ಒಬ್ಬ ಮುದುಕ ಹರಿದ ಡಬ್ಬಿಯ ಮೂಲೆಯನ್ನು ಹೇಗೆ ಕೂಡಿಸುತ್ತಾನೆ ಎಂಬುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ನೋಡಿದೆ, ಕಲಿತುಬಿಟ್ಟೆ ಎಂದುಕೊಂಡೆ. ನನ್ನ ತೊಂದರೆಗಳೆಲ್ಲ ಶುರುವಾಗುವುದು ಈ 'ಎಂದುಕೊಂಡೆ'ಯಿಂದಲೇ. ನನ್ನ ಚಿಕ್ಕಂದಿನ ಗೊಂಬೆಯ ಡಬ್ಬಿ, ಪಕ್ಕದ ಮನೆಯವರ ತಗಡಿನ ಕಪ್ಪೆಯ ಡಬ್ಬಿ, ಹೀಗೆ ಸಿಕ್ಕಿದ್ದನ್ನೆಲ್ಲ ತಂದು ಅಂಟಿಸತೊಡಗಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಏ ಸಂಗೀ, ಒಳಗ ಏನರೆ ಇದ್ದಿದ್ರ ನಾನೂ ಖುಷಿ ಪಡ್ತಿದ್ದೆ. ಖಾಲಿ ಡಬ್ಬಿಗಿ ಹಿಂಗ ಮುದ್ದು ಮಾಡೋರನ್ನ ನಾ ಹುಟ್ಟಿ ನೋಡಿಲ್ಲವಾ. ಕೂಸಿಗಿ ತೊಡಿ ಮ್ಯಾಲ ಹಾಕ್ಕೊಂಡಂಗ ಹಾಕ್ಕೊಂಡ್ ಕುಂತಾಳ ನೋಡು!"

ಹೀಗಿರುವಾಗ ನನ್ನ ಕೈಗೆ ಬಂದದ್ದು ತಾಂಡೂರಿನ ಮಾಮನ ಡಬ್ಬಿ. ಮಾಮ ಎಂದರೆ ಅವ್ವನ ಅಣ್ಣ. ತಾಂಡೂರಿನಲ್ಲಿ ಅವರದು ನೆಲಕ್ಕೆ ಹಾಸುವ ಪರಸಿಕಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆ. ಅವರ ಹತ್ತಿರ ಕೀಲಿ ಕೊಟ್ಟರೆ ಓಡುವ ಒಂದು ಹಸಿರು ತಗಡಿನ ಕಾರಿದೆ. ನಮ್ಮ ತಾತ ಎಂದೋ ಹೈದರಾಬಾದಿಗೆ ಹೋದಾಗ ಮಗನಿಗೆಂದು ತಂದದ್ದು. ಮಾಮ ಹುಡುಗನಾಗಿದ್ದಾಗಲೂ ಅದನ್ನು ಓಡಿಸಿದವರಲ್ಲ. ತೆಗೆಯುವುದು, ಒರೆಸುವುದು, ಮತ್ತೆ ಡಬ್ಬಿಯಲ್ಲಿಡುವುದು, ಅಷ್ಟೇ ಅವರ ಆಟ. ಕಾರಿಗೆ ಒಂದು ಗೀರೂ ಇಲ್ಲ. ಆದರೆ ಡಬ್ಬಿಯ ಮುಚ್ಚಳದಲ್ಲಿ, ಕಾರಿನ ಕಿಟಕಿಯಿಂದ ಇಬ್ಬರು ಮಕ್ಕಳು ಕೈಬೀಸುವ ಚಿತ್ರದ ಮೇಲೆ, ಒಂದು ದೊಡ್ಡ ತಗ್ಗು. ಚಿಕ್ಕವಳಿದ್ದಾಗ ಅವ್ವ ಅದರ ಮೇಲೆ ಕೂತದ್ದರಿಂದ ಬಿದ್ದ ತಗ್ಗು ಅದು ಎನ್ನುವುದು ಮಾಮನ ವಾದ. ತಾನು ಕೂತೇ ಇಲ್ಲ, ಮೇಲಿಂದ ಜೋಳದ ಚೀಲ ಬಿತ್ತು ಎನ್ನುವುದು ಅವ್ವನ ವಾದ. ಈ ಮೊಕದ್ದಮೆ ನಾನು ಹುಟ್ಟುವ ಮೊದಲಿನಿಂದ ನಡೆದಿದೆ. ನಮ್ಮ ಮನೆತನದಲ್ಲಿ ಮದುವೆ ಇರಲಿ, ತೊಟ್ಟಿಲು ಇರಲಿ, ಊಟವಾದ ಮೇಲೆ ಎಲೆಅಡಿಕೆ ಬಂತೆಂದರೆ ಡಬ್ಬಿಯೂ ಬಂತೆಂದೇ ಲೆಕ್ಕ. ಮಾಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಹೊಸ ಬೀಗರ ಮುಂದಿಡುತ್ತಾರೆ. "ನೋಡ್ರಿ, ನಮ್ ತಂಗಿ ಸಿಂಹಾಸನ." ಬೀಗರು ನಗುತ್ತಾರೆ. ಅವ್ವ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದು ಮಾಡುತ್ತಾಳೆ.

ಡಬ್ಬಿ ಈಗ ಮುಪ್ಪಾಗಿತ್ತು. ಮೂಲೆಗಳು ಬಿಚ್ಚಿದ್ದವು, ಒಂದು ಅಂಚನ್ನು ಇಲಿ ತಿಂದಿತ್ತು, ಕಲ್ಲಿನ ಧೂಳು ಒಳಗೆಲ್ಲ ಕೂತಿತ್ತು. ಮಾಮ ನನ್ನನ್ನು ಕರೆದು ಹೇಳಿದರು, "ಸಂಗೀ, ನೀ ಡಬ್ಬಿ ಸುಧಾರಸ್ತೀ ಅಂತ ಕೇಳೀನಿ. ಹಿಂಗೇ ಬಿಟ್ರ ಇದು ಪುಡಿಪುಡಿ ಆಗಿ ಹೋಗ್ತದವಾ. ಛಲೋ ಮಾಡಿ ತಂದ್ರ ಕಾರು, ಡಬ್ಬಿ ಎರಡೂ ನಿನಗೇ ಇಟ್ಕೋ. ನಂದರೆ ಏನದ, ನೋಡಬೇಕನಿಸಿದಾಗ ನಿನ್ನ ಮನಿಗೇ ಬರ್ತೀನಿ." ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಿಕ್ಕಂದಿನಿಂದ ಕಪಾಟಿನ ಗಾಜಿಗೆ ಮೂಗು ಒತ್ತಿ ನೋಡಿದ ಕಾರು ಅದು. ಒಮ್ಮೆಯೂ ಮುಟ್ಟಿದವಳಲ್ಲ. ಕಾರನ್ನೂ ಡಬ್ಬಿಯನ್ನೂ ಬೇರೆಬೇರೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದೆ.

ಮೊದಲ ಕಷ್ಟ ಅಂಟಿನದು. ಅಂಗಡಿಯ ಗೋಂದು ಹಚ್ಚಿದರೆ ಹಳೆಯ ಕಾಗದ ಹಳದಿಯಾಗಿ ಸೆಟೆದುಕೊಳ್ಳುತ್ತದೆ, ಹಿಟ್ಟಿನ ಗಂಜಿಯೇ ಆಗಬೇಕು ಎಂದು ಆ ಮುದುಕ ಹೇಳಿದ್ದ. ಸರಿ, ಮೈದಾಹಿಟ್ಟು ಕುದಿಸಲು ಕೂತೆ. ಎಷ್ಟು ಹಿಟ್ಟಿಗೆ ಎಷ್ಟು ನೀರು ಎಂಬುದು ತಿಳಿಯದೆ ಹಿಟ್ಟು ಹಾಕಿ, ನೀರು ಹಾಕಿ, ಮತ್ತೆ ಹಿಟ್ಟು ಹಾಕಿ, ಕೊನೆಗೆ ಒಂದು ಡಬ್ಬಿಯ ನಾಲ್ಕು ಮೂಲೆಗೆ ಬೇಕಾದ ಗಂಜಿಯ ಬದಲು ಒಂದು ಭಗೋಣಿ ತುಂಬ ಗಂಜಿಯಾಯಿತು. ಅದು ಆರಲಿ ಎಂದು ಅಂಗಳದಲ್ಲಿಟ್ಟು ಒಳಗೆ ಕುಂಚ ಹುಡುಕಿ ಬರುವಷ್ಟರಲ್ಲಿ ಭಗೋಣಿಯೇ ಇಲ್ಲ! ಓಣಿಯ ಹುಡುಗರು ಬಂದ್‌ನ ಪೋಸ್ಟರು ಹಚ್ಚಲು ಹೊರಟಿದ್ದರಂತೆ. ಅವ್ವ, "ಚಳವಳಿಗಿ ಅಂತ ನಮ್ ಸಂಗೀ ಗಂಜಿ ಕುದಿಸ್ಯಾಳ, ಒಯ್ರಿ" ಎಂದು ಎತ್ತಿ ಕೊಟ್ಟುಬಿಟ್ಟಿದ್ದಳು. ಮರುದಿನ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನನ್ನ ಗಂಜಿ ಬಹಳ ಗಟ್ಟಿಯಾಗಿ ಹಿಡಿದಿತ್ತು. ಎರಡನೆಯ ಸಲ ಮಾಡಿದ ಗಂಜಿ ಡಬ್ಬಿಗೆ ಹಿಡಿಯಲೇ ಇಲ್ಲ. ಹುಡುಗರು ಮಾತ್ರ ಖಾಲಿ ಭಗೋಣಿ ವಾಪಸು ತಂದು, "ಅಕ್ಕಾ, ಮೊನ್ನಿಂದು ಭಾರಿ ಇತ್ತು, ಅಂಥದ್ದೇ ಇನ್ನೊಂದೀಟು ಮಾಡ್ರಿ" ಎಂದು ನಿಂತರು. ಹೇಗೆ ಮಾಡಿದ್ದೆ ಎಂದು ನನಗೆ ಗೊತ್ತಿದ್ದರೆ ತಾನೇ? ಹಾಗೂ ಹೀಗೂ ಐದನೆಯ ಸಲದ ಗಂಜಿ ಮೂಲೆಗಳನ್ನು ಹಿಡಿಯಿತು.

ಎರಡನೆಯ ಕಷ್ಟ ರಟ್ಟಿನದು. ಇಲಿ ತಿಂದ ಜಾಗಕ್ಕೆ ಹೊಸ ರಟ್ಟು ಹಚ್ಚಿದರೆ ಮುದುಕನಿಗೆ ಹಾಲುಹಲ್ಲು ಕಟ್ಟಿದಂತೆ ಕಾಣುತ್ತದೆ. ಅದೇ ವಯಸ್ಸಿನ ಹಳೆಯ ರಟ್ಟೇ ಬೇಕು. ನಾರಾಯಣಖೇಡಿನಲ್ಲಿ ನಮ್ಮ ಕಾಕಾನ ಬಟ್ಟೆ ಅಂಗಡಿ ಇದೆ. ಅಪ್ಪನ ತಮ್ಮ ಅವರು. ಅವರ ಅಂಗಡಿಯ ಮೇಲಿನ ಹಲಗೆಯಲ್ಲಿ ಎಂದಿನವೋ ಅಂಗಿ ಡಬ್ಬಿಗಳು ಇರುವುದು ನೆನಪಾಗಿ ಸಿಕ್ಕ ಜೀಪು ಹತ್ತಿ ಹೋದೆ. ಹಬ್ಬ ಹತ್ತಿರ ಬಂದಿದ್ದರಿಂದ ಮುಷ್ಕರದ ನಡುವೆಯೂ ಅಂಗಡಿ ತುಂಬ ಹೆಣ್ಣುಮಕ್ಕಳು. ಕಾಕಾ ಖುಷಿಯಿಂದ ಸೀರೆ ಬಿಚ್ಚಿ ಬಿಚ್ಚಿ ನನ್ನ ಮುಂದೆ ಹಾಸಿದರು. ನಾನು, "ಕಾಕಾ, ಸೀರಿ ಬ್ಯಾಡ್ರಿ, ಆ ಡಬ್ಬಿ ಕೊಡ್ರಿ" ಎಂದೆ. "ಯಾವ ಡಬ್ಬಿ?" "ಅಗೋ, ಧೂಳು ಹಿಡದದಲ್ರಿ, ಆ ಹಳೀದು." ಅವರು ಒಂದನ್ನು ಇಳಿಸಿ ಕೊಟ್ಟರು. ನಾನು ಮೂಸಿ ನೋಡಿ, ಬೆಳಕಿಗೆ ಹಿಡಿದು, ಮೂಲೆ ಮುರಿದು, "ಇದಕ್ಕಿಂತ ಹಳೀದು ಇಲ್ಲೇನ್ರಿ?" ಎಂದೆ. ಪಕ್ಕದಲ್ಲಿ ಸೀರೆ ಆರಿಸುತ್ತಿದ್ದ ಹೆಂಗಸು ಮೆಲ್ಲಗೆ ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು. ನಾನು ಎರಡು ಹಳೆಯ ಡಬ್ಬಿ ಹಿಡಿದು ಜಹೀರಾಬಾದ್ ಮುಟ್ಟುವ ಮೊದಲೇ ಕಾಕಾನ ಫೋನು ಅವ್ವನಿಗೆ ಮುಟ್ಟಿತ್ತು. "ವೈನೀ, ಹುಡುಗಿ ಊಟಗೀಟ ಬರೋಬರಿ ಮಾಡ್ತದಿಲ್ರೀ?" ಎಂದು ಕೇಳಿದರಂತೆ.

ಇನ್ನು ತಗ್ಗು. ಮೂಲೆ ಕೂಡಿಸುವುದು ದರ್ಜಿಯ ಕೆಲಸ ಎಂದರೆ ತಗ್ಗು ತೆಗೆಯುವುದು ಡಾಕ್ಟರ ಕೆಲಸ. ಇಡ್ಲಿ ಪಾತ್ರೆಯ ಹಬೆಗೆ ಮುಚ್ಚಳ ಹಿಡಿಯಬೇಕು. ಹೆಚ್ಚಾದರೆ ರಟ್ಟು ಪದರಪದರ ಬಿಚ್ಚುತ್ತದೆ, ಕಡಿಮೆಯಾದರೆ ಮೆತ್ತಗಾಗುವುದಿಲ್ಲ. ಮೆತ್ತಗಾದ ಮೇಲೆ ಒಳಗಿನಿಂದ ಚಮಚದ ಬೆನ್ನಿನಿಂದ ಮೆಲ್ಲಗೆ ತೀಡಬೇಕು, ಆಮೇಲೆ ಎರಡು ಕಲ್ಲುಗಳ ನಡುವೆ ಒತ್ತಿಡಬೇಕು. ಇದನ್ನು ಒಂದೇ ಸಲಕ್ಕೆ ಮುಗಿಸುವಂತಿಲ್ಲ. ಹಬೆ, ಚಮಚ, ಕಲ್ಲು, ಮತ್ತೆ ಹಬೆ. ಮನೆಯಲ್ಲಿ ಇಡ್ಲಿ ನಿಂತು ಎಷ್ಟೋ ದಿನವಾಯಿತು. ಆದರೆ ಆಶ್ಚರ್ಯ ಏನೆಂದರೆ, ಅಲ್ಲಿಯವರೆಗೆ ನನ್ನ ಡಬ್ಬಿಗಳನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದ ಅವ್ವ ಈ ತಗ್ಗಿನ ವಿಷಯದಲ್ಲಿ ಮಾತ್ರ ತಾನಾಗಿ ಬಂದು ಪಕ್ಕದಲ್ಲಿ ಕೂತಳು. ನೀರು ಕಾಯಿಸಿ ಕೊಟ್ಟಳು. ಒತ್ತಲು ತನ್ನ ಮಸಾಲೆ ಅರೆಯುವ ಕಲ್ಲನ್ನೇ ತೊಳೆದು ಒರೆಸಿ ಕೊಟ್ಟಳು. "ಇಲ್ಲಿ ಇನ್ನೊಂದೀಟು ಅದ ನೋಡು... ಹಾಂ, ಅಲ್ಲೇ, ತೀಡು... ಪೂರಾ ಹೋಗ್ಬೇಕ್ ನೋಡವಾ, ಗುರ್ತು ಸೈತ ಉಳೀಬಾರ್ದು." ಕಡೆಗೂ ನನ್ನ ಕಲೆಯ ಬೆಲೆ ನನ್ನ ತಾಯಿಗೆ ತಿಳಿಯಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ದಡ್ಡಿಯನ್ನು ಶಾಲೆಯವರು ಪಾಠ ಹೇಳಲು ಹೇಗೆ ಇಟ್ಟುಕೊಂಡರೋ!

ದಸರೆ ಬಂತು. ತಗ್ಗು ಪೂರ್ತಿ ಹೋಗಿತ್ತು. ಕಿಟಕಿಯ ಮಕ್ಕಳ ಮುಖದ ಬಿರುಕಿಗೆ ಬಣ್ಣ ತುಂಬಿ, ಒದ್ದೆ ಮುಚ್ಚಳವನ್ನು ದೇವರಕೋಣೆಯ ಪಕ್ಕದ ನೆರಳಿನಲ್ಲಿ ಒಣಗಲು ಇಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅಲ್ಲಿ ಪೂಜೆ ನಡೆದಿತ್ತು. ನಮ್ಮಲ್ಲಿ ಆಯುಧಪೂಜೆಗೆ ಈಳಿಗೆಯಿಂದ ಹಿಡಿದು ಮೋಟರಿನವರೆಗೆ ಕಬ್ಬಿಣ ಎಂಬುದೆಲ್ಲಕ್ಕೂ ಪೂಜೆ. ನಮ್ಮ ಮನೆಯಲ್ಲಿ ಯಾವ ಗಾಡಿಯೂ ಇಲ್ಲ. ಈ ವರ್ಷ ಇತ್ತಲ್ಲ! ಹಸಿರು ಕಾರಿಗೆ ಚೆಂಡುಹೂವಿನ ಎಸಳು, ಮೂತಿಗೆ ಅರಿಸಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಕಾರಿನ ಭಾರಕ್ಕೆ ನಿಂಬೆಹಣ್ಣು ಒಡೆಯುವುದಾದರೂ ಹೇಗೆ? ಅವ್ವ ತಾನೇ ಕೈಯಿಂದ ಹಿಂಡಿದ್ದಳು. ಅಷ್ಟಕ್ಕೇ ನಿಂತಿದ್ದರೆ ಒರೆಸಿಕೊಳ್ಳುತ್ತಿದ್ದೆ. ಒದ್ದೆ ಮುಚ್ಚಳದ ಮೇಲೂ ಮೂರು ಬೆರಳಿನ ವಿಭೂತಿ, ನಡುವೆ ರೂಪಾಯಿ ಅಗಲದ ಕುಂಕುಮ! ಅದು ರಟ್ಟಿನೊಳಗೆ ಇಳಿಯುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು.

"ಅವ್ವಾ! ಡಬ್ಬಿಗಿ ಯಾಕ ಹಚ್ಚಿದಿ?"

"ಗಾಡಿಗಿ ಪೂಜಿ ಆತು, ಗಾಡಿ ಇರೋ ಮನಿಗಿ ಬ್ಯಾಡೇನು? ಹಬ್ಬದ ದಿನ ಹಿಂಗ ಚೀರಬ್ಯಾಡ. ಕಾಯಿ ಒಡೀತೀನಿ, ಕೈ ಮುಗಿ."

ಕೈ ಮುಗಿದೆ. ಇನ್ನೇನು ಮಾಡಲಿ? ಆಮೇಲೆ ರಬ್ಬರಿನಿಂದ ಉಜ್ಜಿದೆ, ಬ್ರೆಡ್ಡಿನ ಚೂರಿನಿಂದ ಒತ್ತಿದೆ. ವಿಭೂತಿ ಹೋಯಿತು, ಕುಂಕುಮ ಹೋಗಲಿಲ್ಲ. ಕೈಬೀಸುವ ಇಬ್ಬರು ಮಕ್ಕಳ ತಲೆಯ ಮೇಲೆ ಸಂಜೆಯ ಸೂರ್ಯನಂತೆ ಅದು ಉಳಿದೇಬಿಟ್ಟಿತು. ಮಾಮ ಇದನ್ನು ಕಂಡರೆ ಕಾರು ಕೊಡುವುದಂತೂ ದೂರ, ಮನೆಯ ಮೆಟ್ಟಿಲು ಹತ್ತಿಸುವುದೂ ಇಲ್ಲ ಎಂದು ನನಗೆ ಊಟ ಸೇರಲಿಲ್ಲ. ಮರುದಿನ ಅವ್ವ ಮಾತ್ರ, "ಮಾಮಗ ಬನ್ನಿ ಎಲಿ ಕೊಡಾಕ ಹೋಗೋದೇ ಅದ, ಡಬ್ಬೀನೂ ಒಯ್ಯೋಣು" ಎಂದು ಎಂದೂ ಇಲ್ಲದ ಉತ್ಸಾಹದಿಂದ ಹೊಸ ಸೀರೆ ಉಟ್ಟು ನಿಂತಳು.

ಬಸ್ಸಿಲ್ಲ. ಕೊಹೀರಿನ ಮೇಲಿಂದ ತಾಂಡೂರಿಗೆ ಹೊರಟ ಜೀಪಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಾನು ಕಾರನ್ನು ಒಳಗಿಟ್ಟ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಕಾಯುತ್ತಾ ಕೂತಿದ್ದೆ. ಎದುರಿಗಿದ್ದ ಮುದುಕಿ ಬಿಟ್ಟ ಕಣ್ಣು ಮುಚ್ಚದೆ ಡಬ್ಬಿಯನ್ನೇ ನೋಡುತ್ತಿದ್ದಳು. ಕಡೆಗೆ ಕೇಳಿಯೇಬಿಟ್ಟಳು, "ಪೇಡಾ ಏನವಾ?" ಅಲ್ಲ ಎಂದರೆ ನಂಬಲಿಲ್ಲ. ದಾರಿಯಲ್ಲಿ ಒಂದು ಕಡೆ ರಸ್ತೆ ಬಂದ್ ಆಗಿತ್ತು. ಆ ಕಾಲದಲ್ಲಿ ಚಳವಳಿಯವರು ರಸ್ತೆಯ ನಡುವೆಯೇ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಉಂಡು ಧರಣಿ ಮಾಡುತ್ತಿದ್ದರು. ಹೋಗುವ ಬರುವ ಜನ ಸಿಟ್ಟಾಗುವ ಬದಲು ಉಂಡು ಹೋಗುತ್ತಿದ್ದರು. "ಇಳೀರಿ ಅಕ್ಕಾರ, ಉಂಡೇ ಮುಂದ್ ಹೋಗ್ಬೇಕ್ರಿ. ಇವತ್ತ ರೋಡೇ ನಮ್ ಅಡಗಿಮನಿ" ಎನ್ನುತ್ತಾ ಒಬ್ಬ ಹಬೆಯಾಡುವ ಪುಳಿಹೋರದ ಎಲೆಯನ್ನು ತಂದು, ನನ್ನ ಎರಡೂ ಕೈ ಖಾಲಿ ಇಲ್ಲದ್ದು ಕಂಡು, ಬಹಳ ವಿಚಾರ ಮಾಡಿ ಡಬ್ಬಿಯ ಮೇಲೆಯೇ ಇಟ್ಟ! ನಾನು ಚೀರಿದ್ದಕ್ಕೆ ಅವನು ಬೆಚ್ಚಿ, "ಖಾರ ಆಗಲ್ರಿ ಅಕ್ಕಾ, ಹೆದರಬ್ಯಾಡ್ರಿ" ಎಂದ. ನಾನು ಉಣ್ಣಲಿಲ್ಲ. ಡಬ್ಬಿಯನ್ನು ತಲೆಯ ಮೇಲೆ ಹೊತ್ತು ಬಿಸಿಲಿನಲ್ಲಿ ನಿಂತೆ. ಅವ್ವ ಎರಡನೆಯ ಸಲ ಹಾಕಿಸಿಕೊಂಡು, ಹುಣಸೆಹುಳಿ ಒಂದಿಷ್ಟು ಕಡಿಮೆಯಾಯಿತು ಎಂದು ಒಲೆಯವರಿಗೆ ಹೇಳಿ ಬಂದಳು.

ತಾಂಡೂರು ಮುಟ್ಟಿದೆವು. ಬನ್ನಿ ಕೊಟ್ಟು ಕಾಲು ಮುಟ್ಟಿದ್ದಾಯಿತು. ಮಾಮ ಕನ್ನಡಕ ಒರೆಸಿ ಹಾಕಿಕೊಂಡು ಡಬ್ಬಿ ಬಿಚ್ಚಿದರು. ನಾನು ಮೊದಲೇ ಶರಣಾದೆ.

"ಮಾಮಾ, ಒಂದು ತಪ್ಪಾಗ್ಯಾದ್ರಿ. ಕುಂಕುಮದ ಕಲಿ..."

"ಅದಿರ್ಲಿ ಬಿಡವಾ. ಹಬ್ಬದಾಗ ಪೂಜಿ ಆಗ್ಯಾದ, ಛಲೋನೇ ಆತು." ಅವರು ಮುಚ್ಚಳವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಬೆಳಕಿಗೆ ಹಿಡಿದರು. "ತಗ್ಗು ಎಲ್ಲದ?"

"ತಗದೀನ್ರಿ ಮಾಮಾ!" ಎಂದೆ. ಆ ಸ್ವರದಲ್ಲಿದ್ದ ಹೆಮ್ಮೆ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. "ಪೂರಾ ತಗದೀನಿ. ಕೈಯಾಡಿಸಿ ನೋಡ್ರಿ, ಇತ್ತು ಅನ್ನೋದೇ ಗೊತ್ತಾಗಲ್ಲ."

"ಗೊತ್ತೇ ಆಗಲ್ಲಂದ್ರ ಮಂದಿಗಿ ನಾ ಏನು ತೋರಿಸ್ಲಿ?" ಮಾಮ ಮುಚ್ಚಳವನ್ನು ನನ್ನ ಮುಂದೆ ಹಿಡಿದರು. "ಮೂಲಿ ಹಚ್ಚು ಅಂದಿನಿ, ಇಲಿ ತಿಂದಿದ್ದು ಸುಧಾರ್ಸು ಅಂದಿನಿ. ತಗ್ಗಿಗಿ ಕೈ ಹಚ್ಚು ಅಂದಿನೇನು? ಡಬ್ಬಿ ಹಾಳಾದ್ರ ತಗ್ಗು ಹೋಗ್ತದಂತ ನಿನ್ನ ಕೈಯಾಗ ಕೊಟ್ರ, ತಗ್ಗೇ ತಗದು ಡಬ್ಬಿ ಉಳಿಸಿ ತಂದೀಯಲ್ಲವಾ!"

ಅಷ್ಟರಲ್ಲಿ ಅವ್ವ ಚಹಾದ ಕಪ್ಪು ಹಿಡಿದು ಒಳಗಿನಿಂದ ಬಂದಳು. ಅವಳ ನಡಿಗೆಯೇ ಬೇರೆಯಾಗಿತ್ತು. "ಏನಣ್ಣಾ, ಏನೋ ಹುಡುಕಾಕತ್ತೀಯಲ್ಲ?"

"ಮಾದೇವಿ, ನೀ ಸುಮ್ ಕೂಡು."

"ಎಲ್ಲಿ ಕೂಡ್ಲಿ? ಡಬ್ಬಿ ಮ್ಯಾಲ?" ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಾ ಕೂತಿದ್ನಂತ, ತಗ್ಗು ಬಿದ್ದಿತ್ತಂತ! ಎಲ್ಲದ, ತೋರ್ಸು ನೋಡೋಣು. ಇಷ್ಟು ವರ್ಷ ಬೀಗರ ಮುಂದ ಸುಳ್ಳೇ ಹೇಳ್ಕೋತ ಬಂದಿ."

ಇಡ್ಲಿ ಪಾತ್ರೆ, ಮಸಾಲೆ ಕಲ್ಲು, ಹೊಸ ಸೀರೆ ಎಲ್ಲವೂ ಆಗ ನನಗೆ ಒಟ್ಟಿಗೇ ಅರ್ಥವಾಯಿತು. ಮಾಮ ಕಾರನ್ನು ಎತ್ತಿ ಎದೆಗೆ ಹಿಡಿದುಕೊಂಡರು. "ಸಂಗೀ, ಕೇಳಿಲ್ಲಿ. ತಗ್ಗು ಮತ್ತ ಹಾಕು."

"ಏನ್ರಿ?"

"ತಗಿಯಾಕ ಬರ್ತದಂದ್ರ ಹಾಕಾಕೂ ಬರ್ಬೇಕು. ಮೊದಲ್ ಹ್ಯಾಂಗಿತ್ತೋ ಹಂಗ ಹಾಕು, ಕಾರು ಒಯ್ಯಿ."

ನಿಮ್ಮನ್ನೇ ಕೇಳುತ್ತೇನೆ, ಲೋಕದಲ್ಲಿ ಯಾರಾದರೂ ಇದನ್ನು ಕಲಿಸುತ್ತಾರೆಯೇ? ಆ ಇಂಟರ್‌ನೆಟ್ಟಿನ ಮುದುಕನೂ ತಗ್ಗು ತೆಗೆಯುವುದನ್ನಷ್ಟೇ ಹೇಳಿದ್ದ. ನಾನು ಮುಷ್ಟಿಯಿಂದ ಒತ್ತಿದೆ, ಕಲ್ಲಿನ ಚೂರು ಇಟ್ಟು ಒತ್ತಿದೆ. ಎಷ್ಟು ಹಬೆ ಕುಡಿಸಿ, ಎಷ್ಟು ಪದರ ಕಾಗದ ಒಳಗೆ ಹಚ್ಚಿ ಗಟ್ಟಿ ಮಾಡಿದ್ದೆನೋ, ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನನ್ನ ಕೆಲಸ ಇಷ್ಟು ಚೆನ್ನಾಗಿ ಆದದ್ದು ಅದೊಂದೇ ಸಲ. ಕಡೆಗೆ ಅವ್ವನ ಕಾಲಿಗೆ ಬಿದ್ದೆ. "ಅವ್ವಾ, ನಿನಗ ಕೈ ಮುಗೀತೀನಿ, ಒಂದೇ ಒಂದು ಸಲ ಇದರ ಮ್ಯಾಲ ಕೂಡು."

"ನಾ ಯಾಕ ಕೂಡ್ಲಿ? ಇವತ್ತ ಕೂತ್ರ ಅವತ್ತೂ ಕೂತಿದ್ದೆ ಅಂತ ಒಪ್ಪಿದಂಗ ಆಗ್ತದ. ನೀ ಜಪಾ ಮಾಡಿದ್ರೂ ನಾ ಕೂಡಲ್ಲ."

"ನೋಡು ನೋಡು, ಹೆದರ್ತಾಳ" ಎಂದರು ಮಾಮ.

"ಹೆದರೋರು ಯಾರು? ನಿನ್ನ ಜೋಳದ ಚೀಲ ತಂದು ಮ್ಯಾಲ ಹಾಕು. ಅದೇ ಹಾಕಿದ್ದು, ಅದಕ್ಕೇ ಗೊತ್ತದ."

ಅಣ್ಣ ತಂಗಿ ಇಬ್ಬರೂ ಒಂದೊಂದು ಕಡೆ ಮುಖ ತಿರುಗಿಸಿ ಕೂತರು. ನಡುವೆ ಡಬ್ಬಿ. ಕಪಾಟಿನ ಬಾಗಿಲು ತೆರೆದೇ ಇತ್ತು, ಹಸಿರು ಕಾರು ಮಾಮನ ಕೈಯಲ್ಲಿ ಹೊಳೆಯುತ್ತಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ. ದೇವರ ಮೇಲೆ ಭಾರ ಹಾಕಿ, ನನ್ನ ಭಾರವನ್ನು ಡಬ್ಬಿಯ ಮೇಲೆ ಹಾಕಿ, ನಾನೇ ಕೂತೆ. ಇಷ್ಟು ದಿನ ಉಸಿರು ಬಿಗಿಹಿಡಿದು ಕೂಡಿಸಿದ ಮೂಲೆಗಳೆಲ್ಲ ನನ್ನ ಅಡಿಯಲ್ಲಿ ಕರಕ್ ಎಂದವು. ಎದ್ದು ನೋಡಿದರೆ, ಪರವಾಗಿಲ್ಲ, ಒಳ್ಳೆಯ ತಗ್ಗೇ. ಮಾಮ ಕನ್ನಡಕ ಮೂಗಿನ ತುದಿಗೆ ಎಳೆದು, ಗೇಣು ಹಾಕಿ, ಕೈಯಾಡಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಆಮೇಲೆ ತಲೆಯಾಡಿಸಿದರು. "ಇದು ಅಕಿಂದಲ್ಲ. ಅಕಿದು ಒಂದು ಬದಿಗಿ ವಾಲಿತ್ತು. ಇದು ನಟ್ಟನಡುವ ಬಾವಿ ತೋಡಿದಂಗ ಆಗ್ಯಾದ."

ಕಾರು ಕಪಾಟಿನೊಳಗೆ ಹೋಯಿತು. ಡಬ್ಬಿಯೂ ಹೋಯಿತು. ಬೀಗದ ಸದ್ದು ನನಗೆ ಕೇಳಿಸಿತು.

ವಾಪಸು ಬರುವಾಗ ಜೀಪಿನಲ್ಲಿ ನನ್ನ ತೊಡೆಯ ಮೇಲೆ ಡಬ್ಬಿ ಇರಲಿಲ್ಲ. ಅವ್ವ ಹೊರಗಿನ ತೊಗರಿ ಹೊಲಗಳನ್ನು ನೋಡುತ್ತಾ ಕೂತಿದ್ದಳು. ಕೊಹೀರು ದಾಟಿದ ಮೇಲೆ ಮೆಲ್ಲಗೆ ಹೇಳಿದಳು, "ಯಾರರೆ ಹಂಗ ನಟ್ಟನಡುವ ಕೂಡ್ತಾರೇನು ಹುಚ್ಚಿ? ಗ್ವಾಡಿಗಿ ಬೆನ್ನು ಹಚ್ಚಿ, ಎಡಗಾಲು ಮಡಚಿ, ಬಲಕ್ಕ ವಾಲಿ ಕೂಡಬೇಕಿತ್ತು."

"ನಿನಗ ಹ್ಯಾಂಗ ಗೊತ್ತು?"

"ಅಂದಾಜು" ಎಂದು ಕಣ್ಣು ಮುಚ್ಚಿಕೊಂಡಳು.

ಈಗ ಪರಿಸ್ಥಿತಿ ಹೀಗಿದೆ. ಅವ್ವನ ಮೇಲೆ ಯಾವ ಪುರಾವೆಯೂ ಉಳಿದಿಲ್ಲ. ತಾಂಡೂರಿಗೆ ಯಾರೇ ನೆಂಟರು ಬರಲಿ, ಎಲೆಅಡಿಕೆಯ ಹೊತ್ತಿಗೆ ಮಾಮ ಡಬ್ಬಿ ಹೊರಗೆ ತರುತ್ತಾರೆ. "ನೋಡ್ರಿ, ನಮ್ ಸಂಗೀ ಕೂತಿದ್ದು. ಸುಧಾರಸ್ತೀನಂತ ಒಯ್ದಿದ್ಲು" ಎನ್ನುತ್ತಾರೆ. ಎಲ್ಲರಿಗಿಂತ ಜೋರಾಗಿ ಅವ್ವ ನಗುತ್ತಾಳೆ. ಈಗ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಸದ್ದು ಮಾಡುವವಳು ನಾನು. ನಿಮ್ಮ ಮನೆಯಲ್ಲೂ ಹೀಗೆ ಯಾರೋ ಕೂತ, ತುಳಿದ, ಒಡೆದ ವಸ್ತು ಒಂದು ಇದ್ದೇ ಇರುತ್ತದೆ. ಅದನ್ನು ರಿಪೇರಿ ಮಾಡಲು ಹೋಗಿ ನೀವೇನಾದರೂ ಹೀಗೆ ಸಿಕ್ಕಿಬಿದ್ದಿದ್ದರೆ ಸಂಕೋಚ ಬಿಟ್ಟು ನನಗೊಂದು ಮಾತು ಬರೆದು ತಿಳಿಸಿ. ಬಲಕ್ಕೆ ವಾಲಿ ಕೂತು ಅನುಭವ ಇರುವವರಾದರೆ ದಯವಿಟ್ಟು ಬೇಗ ಬರೆಯಿರಿ.